ಕೊಕ್ಕರೆಯ ಉದ್ಧಾರ

ಮದುವೆಯಾದ ದಿನವನ್ನು ಗಂಡಸರು ಮರೆತುಬಿಡುತ್ತಾರೆ ಎಂಬುದು ಹೆಂಗಸರ ಹಳೆಯ ದೂರು. ಚನ್ನವೀರನ ಮೇಲೆ ಆ ದೂರು ಹೊರಿಸುವಂತಿಲ್ಲ. 2006ರ ಆ ಶನಿವಾರ ಅವನು ಬೇಗ ಎದ್ದು, ಸ್ನಾನ ಮುಗಿಸಿ, ಹೆಂಡತಿ ರಜನಿಗೆ ಇಳಕಲ್ ಸೀರೆಯನ್ನೇ ಉಟ್ಟುಕೋ ಎಂದು ಬಾಯಿಬಿಟ್ಟು ಹೇಳಿ, ಮೊದಲು ಗುಡಿ, ಆಮೇಲೆ ಹೊರಗೆ ಊಟ ಎಂದು ಆಸೆ ಹುಟ್ಟಿಸಿ, ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಹೊರಟವನು ಸೀದಾ ತಮ್ಮೂರು ಸ್ಯಾನ್ ಡಿಯೇಗೋದ ಟೊರ್ರಿ ಪೈನ್ಸ್ ಗುಡ್ಡದ ಕೆಳಗಿನ ಹಿನ್ನೀರಿನ ಪಕ್ಕ ಗಾಡಿ ನಿಲ್ಲಿಸಿದ. ಡಿಕ್ಕಿಯಲ್ಲಿ ಹೂವಿನ ಗುಚ್ಛವೇನಾದರೂ ಇರಬಹುದೆಂದು ರಜನಿ ಇಣುಕಿದರೆ, ಅಲ್ಲಿದ್ದದ್ದು ಮೂರು ಕಾಲಿನ ಸ್ಟ್ಯಾಂಡು ಮತ್ತು ಸೋರೆಕಾಯಿಯಷ್ಟು ಉದ್ದದ ಲೆನ್ಸು.

"ಎರಡ ನಿಮಿಷ," ಎಂದ ಚನ್ನವೀರ.

"ಇಲ್ಲಿ ಯಾವ ಗುಡಿ ಐತ್ರಿ?"

"ಗುಡಿ ಎಲ್ಲಿ ಹೋಗತೈತಿ? ಹಕ್ಕಿ ಹಾರಿ ಹೋಗತೈತಿ."

ಈ ಹಕ್ಕಿಯ ಹುಚ್ಚಿಗೆ ಒಂದು ಹಿನ್ನೆಲೆಯಿತ್ತು. ಲಾಸ್ ಏಂಜಲೀಸಿನ ಕನ್ನಡ ಬಳಗದಲ್ಲಿ ರಜನಿ ಎಂದರೆ ದೊಡ್ಡ ಹೆಸರು. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಮೈಕು ಅವಳ ಕೈಯಲ್ಲೇ. ಅವಳ ನಿರೂಪಣೆ ಕೇಳಲೆಂದೇ ಸ್ಯಾನ್ ಡಿಯೇಗೋದಿಂದ ಪಸಡೀನಾದವರೆಗಿನ ಜನ ಬರುತ್ತಿದ್ದರು. (ಊಟಕ್ಕೂ ಬರುತ್ತಿದ್ದರು, ಅದು ಬೇರೆ ಮಾತು.) ಚನ್ನವೀರನಿಗೆ ಆ ಸಭೆಯಲ್ಲಿದ್ದ ಬಿರುದು ಒಂದೇ: "ರಜನಿ ಅವರ ಮನೆಯವರು." ಕುರ್ಚಿ ಜೋಡಿಸುವುದಿರಲಿ, ಸಾರಿನ ಪಾತ್ರೆ ಇಳಿಸುವುದಿರಲಿ, "ರಜನಿ ಅವರ ಮನೆಯವರೇ, ಸ್ವಲ್ಪ ಈ ಕಡೆ ಬನ್ನಿ!" ಎಂದು ಕೂಗುತ್ತಿದ್ದರು. ಟೆಲಿಕಾಂ ಕಂಪನಿಯಲ್ಲಿ ಒಂದು ಇಡೀ ತಂಡವನ್ನು ಆಳುವ ಮನುಷ್ಯ ಅವನು. ಹೊಟ್ಟೆಯೊಳಗೆ ಉರಿಯುತ್ತಿತ್ತು. ಉರಿ ಹೆಂಡತಿಯ ಮೇಲಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಸಾಕ್ಷಿ.

ಆ ವರ್ಷ ಬಳಗದವರು ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಛಾಯಾಚಿತ್ರ ಸ್ಪರ್ಧೆ ಇಟ್ಟರು. ವಿಷಯ: ಪ್ರಕೃತಿ. ಗೆದ್ದವರ ಚಿತ್ರ ಮುಖಪುಟದಲ್ಲಿ, ಹೆಸರು ಒಳಪುಟದಲ್ಲಿ, ಮೇಲಾಗಿ ವೇದಿಕೆಗೆ ಕರೆದು ಚಪ್ಪಾಳೆ. ಒಂದೇ ಒಂದು ಸಲ ತನ್ನ ಹೆಸರು ಮೈಕಿನಲ್ಲಿ ಕೇಳಬೇಕು ಎಂಬ ಆಸೆ ಚನ್ನವೀರನನ್ನು ಹಿಡಿಯಿತು. ಮೈಕು ಹೆಂಡತಿಯ ಕೈಯಲ್ಲೇ ಇದ್ದರೂ ಸರಿ.

ಹಿನ್ನೀರಿನ ಕಿರುಗಾಲುವೆಯಲ್ಲಿ ಒಂದು ನೀಲಿ ಕೊಕ್ಕರೆ ನಿಂತಿತ್ತು. ಎದೆಮಟ್ಟದ ಹಕ್ಕಿ, ಗಂಭೀರ, ನಿವೃತ್ತ ಹೆಡ್ ಮಾಸ್ತರರ ಠೀವಿ. ಆದರೆ ಚನ್ನವೀರನಿಗೆ ಬೆನ್ನು ತಿರುಗಿಸಿ ನಿಂತಿತ್ತು. ಬಳಗದ ಸದಸ್ಯತ್ವ ಅದಕ್ಕೂ ಇದ್ದಂತಿತ್ತು.

"ನೀ ಆ ಕಡೆ ದಂಡಿಗೆ ಹೋಗು," ಎಂದು ಅವನು ಪಿಸುಗುಟ್ಟಿದ. "ಮೆಲ್ಲಕ ನೀರಿನ ಹತ್ರ ಬಂದು ನಿಂದ್ರು. ನಿನ್ನ ನೋಡಿ ಇತ್ತಾಗ ಮಾರಿ ತಿರಗಸತೈತಿ."

"ಹಕ್ಕಿ ಹೊಡಿಯಾಕ ಸೀರಿ ಉಡಿಸಿದ್ರೇನು?"

"ಇವತ್ತರ ಜಗಳ ಬ್ಯಾಡ ರಜನಿ."

ಇವತ್ತಾದರೂ ಜಗಳ ಬೇಡವೆಂದೇ ಅವಳೂ ಹೋದಳು. ಸಣ್ಣ ಸೇತುವೆ ದಾಟಿ, ಚಪ್ಪಲಿ ಕೆಸರಿನಲ್ಲಿ ಹೂತು, ಸಮುದ್ರದ ಗಾಳಿಗೆ ಹಾರುತ್ತಿದ್ದ ಸೆರಗನ್ನು ಒಂದು ಕೈಯಲ್ಲೂ ನಿರಿಗೆಯನ್ನು ಇನ್ನೊಂದು ಕೈಯಲ್ಲೂ ಹಿಡಿದು ನಿಂತಳು. ಎರಡು ನಿಮಿಷವೆಂದದ್ದು ಹಿಗ್ಗಿ ಹಿಗ್ಗಿ ಗುಡಿಯ ಬಾಗಿಲು ಮುಚ್ಚುವ ಹೊತ್ತಾಯಿತು. ಕೊನೆಗೆ ಕೊಕ್ಕರೆ ಕತ್ತು ತಿರುಗಿಸಿತು, ಚನ್ನವೀರ ಕ್ಲಿಕ್ಕಿಸಿದ, ಕೊಕ್ಕರೆ ಹಾರಿಹೋಯಿತು. ಮದುವೆಯ ದಿನದ ಊಟ ಪೆಟ್ರೋಲು ಬಂಕಿನ ಪಕ್ಕದ ಅಂಗಡಿಯ ಸ್ಯಾಂಡ್‌ವಿಚ್ಚಿನಲ್ಲಿ ಮುಗಿಯಿತು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಚಿತ್ರ ಎಕ್ಕುಟ್ಟಿ ಹೋಗಿತ್ತು. ಕೊಕ್ಕರೆ ಮಸಿ ಬಳಿದಂತೆ ಕಪ್ಪು, ಅಂಚೆಲ್ಲ ಮಬ್ಬು, ಕೊಕ್ಕು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೋ ತಿಳಿಯದು. ಆದರೆ ಅದರ ಹಿಂದೆ ಆಚೆ ದಡದಲ್ಲಿ ನಿಂತ ರಜನಿ ಮಾತ್ರ ಕೂದಲೆಳೆ ಎಣಿಸುವಷ್ಟು ಸ್ಪಷ್ಟವಾಗಿದ್ದಳು. ಸೀರೆಯ ನೂಲು ಕಾಣುತ್ತಿತ್ತು. ಮೂಗುಬಟ್ಟು ಮಿಂಚುತ್ತಿತ್ತು. ಇವನ ಕಡೆ ನೋಡಿ ಸಣ್ಣಗೆ ನಗುತ್ತಿದ್ದಳು. ಯಾರನ್ನು ನೋಡಬೇಕೆಂಬ ವಿವೇಕ ಆ ಕ್ಯಾಮೆರಾಕ್ಕಿತ್ತು. ಅದನ್ನು ಹಿಡಿದವನಿಗಿರಲಿಲ್ಲ.

"ಥೂ, ಎಲ್ಲಾ ಕೆಡಿಸಿತು," ಎಂದು ಚನ್ನವೀರ ಹಣೆ ಚಚ್ಚಿಕೊಂಡ.

ಅಡುಗೆಮನೆಯಿಂದ ರಜನಿ ಕೇಳಿದಳು: "ಫೋಟೋ ಹೆಂಗ ಬಂದೈತ್ರಿ? ನಾ ಕಾಣತೀನೇನು?"

"ಇಲ್ಲ. ನೀ ಫ್ರೇಮಿನ ಹೊರಗ ಉಳದಿ."

"ಅಷ್ಟೊತ್ತು ನಿಂತಿದ್ನೆಲ್ಲಾ!"

"ಏನ್ ಮಾಡೋದು, ಲೆನ್ಸ್ ಹಂಗೈತಿ."

ಸುಳ್ಳು ಹೇಳುವಾಗ ಅವನ ಮುಖದಲ್ಲಿ ಒಂದು ನೆರಿಗೆಯೂ ಬೀಳಲಿಲ್ಲ. ಹೇಳಿದ ಮೇಲೆ ಆ ಸುಳ್ಳನ್ನು ನಿಜ ಮಾಡುವುದು ಕರ್ತವ್ಯವಾಯಿತು.

ಹೀಗೆ ಶುರುವಾಯಿತು ಕೊಕ್ಕರೆಯ ಉದ್ಧಾರ. ಊಟದ ಮೇಜು ಚನ್ನವೀರನ ಯಜ್ಞಶಾಲೆಯಾಯಿತು. ಹೆಂಡತಿ ಮಗಳು ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣತೊಡಗಿದರು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒಂದು ಮುದ್ರೆಯಂಥ ಸಾಧನ ಇರುತ್ತದೆ. ಒಂದು ಕಡೆಯ ಹುಲ್ಲನ್ನು ಎತ್ತಿ ಇನ್ನೊಂದು ಕಡೆ ಒತ್ತಬಹುದು. ಚನ್ನವೀರ ಮೊದಲು ಹೆಂಡತಿಯ ಪಾದಗಳ ಮೇಲೆ ಹುಲ್ಲು ಒತ್ತಿದ. ಆಮೇಲೆ ನಿರಿಗೆ, ಆಮೇಲೆ ಸೊಂಟ, ಆಮೇಲೆ ಸೆರಗು. ಮುಖಕ್ಕೆ ಬಂದಾಗ ಕೈ ತಡೆಯಿತು. ಪಾಪ ಅನ್ನಿಸಿ ಅಲ್ಲ. ಮೂಗುಬಟ್ಟಿನ ಹೊಳಪಿಗೆ ಹೊಂದುವ ಹುಲ್ಲು ಸಿಗಲಿಲ್ಲ. ಕೊನೆಗೆ ಉಪಾಯ ಹೊಳೆದು, ಆ ಹೊಳಪನ್ನೇ ಕತ್ತರಿಸಿ ಕೊಕ್ಕರೆಯ ಕಣ್ಣಿಗೆ ಅಂಟಿಸಿದ. ಕೊಕ್ಕರೆಗೆ ಜೀವಕಳೆ ಬಂತು. ಖಾಲಿಯಾದ ಮುಖದ ಮೇಲೆ ಹುಲ್ಲು ಸುಲಭವಾಗಿ ಕೂತಿತು.

ಎಂಟನೇ ಕ್ಲಾಸಿನ ಮಗಳು ರಕ್ಷಿತಾ ಒಂದು ದಿನ ಹಿಂದೆ ನಿಂತು ನೋಡಿದಳು. ಪರದೆಯ ತುಂಬ ಕೊಕ್ಕರೆಯ ಒಂದು ಗರಿ ಮಾತ್ರ ಇತ್ತು.

"ಡ್ಯಾಡ್, ಇಟ್ಸ್ ಜಸ್ಟ್ ಎ ಬರ್ಡ್."

"ನಿನಗ ತಿಳಿಯಂಗಿಲ್ಲ. ಹೋಗಿ ಹೋಂವರ್ಕ್ ಮಾಡು."

ಪಸಡೀನಾದ ಬಾಲಸುಬ್ರಹ್ಮಣ್ಯನಿಗೂ ಫೋನು ಹೋಯಿತು. ಅವನು ಅಲ್ಲಿನ ಬಾಹ್ಯಾಕಾಶ ಲ್ಯಾಬಿನಲ್ಲಿ ದೂರದ ಗ್ರಹಗಳಿಂದ ಬರುವ ಚಿತ್ರಗಳ ಧೂಳು ಕೊಡವುವ ಕೆಲಸದವನು. ಸ್ಪರ್ಧೆಗೆ ಅವನೇ ತೀರ್ಪುಗಾರ. ತೀರ್ಪುಗಾರನನ್ನೇ ಸಲಹೆ ಕೇಳುವುದು ಸರಿಯೇ ಎಂಬ ಪ್ರಶ್ನೆ ಚನ್ನವೀರನನ್ನು ಕಾಡಲಿಲ್ಲ.

"ಒಂದ್ ಮಾತ್ ಕೇಳೋದಿತ್ರಿ. ಫೋಟೋದಾಗ ನೀರು ಕರ್ರಗ ಬಂದೈತಿ. ಏನ್ ಮಾಡಲಿ?"

"ಶ್ಯಾಡೋ ಎತ್ತಿ, ಅಂದ್ರೆ ಕಪ್ಪಿರೋ ಕಡೆ ಬೆಳಕು ಏರಿಸಿ ನೋಡಿ. ಒಳಗೆ ಏನಾದ್ರೂ ಬಣ್ಣ ಅಡಗಿರುತ್ತೆ. ಇದ್ರೆ ಅದನ್ನ ಇನ್ನೂ ಜಾಸ್ತಿ ಮಾಡಿ, ಪಿಕ್ಚರ್‌ಗೆ ಲೈಫ್ ಬರುತ್ತೆ."

ಎತ್ತಿದ. ಕಪ್ಪು ನೀರಿನೊಳಗಿಂದ ಉದ್ದನೆಯ ಕೆಂಪು ಬಣ್ಣವೊಂದು ನಿಧಾನವಾಗಿ ಮೇಲೆ ಬಂತು. "ಸೂರ್ಯನ ಬೆಳಕು!" ಎಂದು ಚನ್ನವೀರ ಕುರ್ಚಿಯಲ್ಲೇ ಕುಣಿದ. ಇಷ್ಟು ದಿನ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ಅಂಗೈಯಗಲವಷ್ಟೇ ನೋಡಿ ರೂಢಿಯಾಗಿತ್ತು. ಹಿಂದೆ ಸರಿದು ಇಡಿಯಾಗಿ ನೋಡುವ ಅಭ್ಯಾಸ ಹೋಗಿಬಿಟ್ಟಿತ್ತು. (ಸಂಸಾರವನ್ನೂ ಅವನು ಹಾಗೆಯೇ ನೋಡುತ್ತಿದ್ದ.) ಕೆಂಪನ್ನು ಇನ್ನಷ್ಟು ಏರಿಸಿ, ಹಳೆಯ ಚಿತ್ರದ ಮೇಲೆಯೇ ಸೇವ್ ಮಾಡಿ, "ಏಕಾಂಗಿ" ಎಂದು ಹೆಸರಿಟ್ಟು, ಒಮ್ಮೆ ಇಡಿಯಾಗಿ ನೋಡುವ ಮೊದಲೇ ಕಳಿಸಿಬಿಟ್ಟ. ರಜನಿಗೆ ತೋರಿಸಲಿಲ್ಲ. ಕೇಳಿದರೆ ಸರ್ಪ್ರೈಸ್ ಎಂದ. ಆ ಒಂದು ಮಾತು ಮಾತ್ರ ನಿಜವಾಯಿತು.

ಕಲ್ವರ್ ಸಿಟಿಯ ಬಾಡಿಗೆ ಹಾಲಿನಲ್ಲಿ ರಾಜ್ಯೋತ್ಸವ. ನಾಡಗೀತೆ ಆಯಿತು, ಮಕ್ಕಳ ಕೋಲಾಟ ಆಯಿತು, ಅಧ್ಯಕ್ಷರ ಭಾಷಣ ಆಗುತ್ತಲೇ ಇತ್ತು, ಕೊನೆಗೆ ಅದೂ ಆಯಿತು. ಆಮೇಲೆ ದೀಪ ಆರಿಸಿ ಸ್ಪರ್ಧೆಯ ಚಿತ್ರಗಳನ್ನು ಪರದೆಯ ಮೇಲೆ ಬಿಡತೊಡಗಿದರು. ಬಾಲಸುಬ್ರಹ್ಮಣ್ಯ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ರಜನಿ ವೇದಿಕೆಯ ಮೇಲೆ ಮೈಕು ಹಿಡಿದು, ಕೈಯಲ್ಲಿದ್ದ ಚೀಟಿ ನೋಡಿ ಹೇಳಿದಳು:

"ಮುಂದಿನ ಚಿತ್ರದ ಹೆಸರು 'ಏಕಾಂಗಿ.' ತೆಗೆದವರು..." ಮುಖ ಅರಳಿಸಿ, "ಶ್ರೀ ಚನ್ನವೀರ!"

ಗೋಡೆಗೆ ಒರಗಿ ನಿಂತಿದ್ದ ಚನ್ನವೀರ ನೆಟ್ಟಗಾಗಿ ಅಂಗಿಯ ಕಾಲರು ಸರಿಮಾಡಿಕೊಂಡ. ಹೆಸರು ಹಾಲಿನ ಮೂಲೆ ಮೂಲೆಗೂ ಹೋಯಿತು. ಗೋಡೆಯಗಲದ ಪರದೆಯ ಮೇಲೆ ಕೊಕ್ಕರೆ ಎದ್ದು ನಿಂತಿತು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯೊಂದು ಅಲ್ಲಿಗೇ ಮುಗಿದಿದ್ದರೆ ಅವನ ಬದುಕು ಸಾರ್ಥಕವಾಗುತ್ತಿತ್ತು.

ಮೊದಲ ಸಾಲಿನಲ್ಲಿ ಬಳಗದ ಸದಸ್ಯೆ ಶೋಭಾಳ ಅವ್ವ ಗುರುಶಾಂತವ್ವ ಕೂತಿದ್ದರು. ಮಗಳ ಮನೆಗೆಂದು ಇಳಕಲ್ಲಿನಿಂದ ಬಂದ ಮುದುಕಿ. ಅವರು ಕತ್ತನ್ನು ಒಂದು ಕಡೆ ವಾಲಿಸಿ, ಇನ್ನೂ ವಾಲಿಸಿ, ದೊಡ್ಡ ದನಿಯಲ್ಲಿ ಕೇಳಿದರು:

"ಏ ಶೋಭಾ, ನೀರಾಗ ಯಾರೋ ಹೆಣ್ಣಮಗಳು ಅದಾಳಲ್ಲ?"

"ಸುಮ್ನಿರಬೇ, ಅದು ಬಿಸಲು."

"ಬಿಸಲಿಗೆ ಕೆಂಪು ಬಿಳಿ ಟೋಪ ತೆನಿ ಸೆರಗು ಇರತೈತೇನ? ನನಗ ಇಳಕಲ್ ಸೀರಿ ತೋರಸ್ತೀಯೇನು? ತಲಿ ಕೆಳಗ ಮಾಡಿ ನಿಂತಾಳ ನೋಡು. ಅಯ್ಯ, ಮೈಕ ಹಿಡದಾಕಿ ಅಲ್ಲೇನ ಅದು, ನಮ್ಮ ರಜನಿ!"

ಹಾಲಿಗೆ ಹಾಲೇ ಕತ್ತು ವಾಲಿಸಿತು. ಚನ್ನವೀರ ದಡದ ಮೇಲಿನ ಹೆಂಡತಿಯನ್ನು ಚೆನ್ನಾಗಿ ಅಳಿಸಿದ್ದ; ನೀರಿನೊಳಗಿನ ಅವಳ ನೆರಳನ್ನು ಮರೆತಿದ್ದ. ಮರೆತದ್ದಷ್ಟೇ ಅಲ್ಲ, ಅದಕ್ಕೆ ತಾನೇ ಬಣ್ಣ ಏರಿಸಿ ಕಳಿಸಿದ್ದ.

"ಅಯ್ಯೋ, ಮೇಲೆ ಯಾರೂ ಇಲ್ಲ, ನೀರಲ್ಲಿ ಮಾತ್ರ ಇದಾರೆ! ದೆವ್ವಾನಾ?" ಎಂದಳು ಬಾಲಸುಬ್ರಹ್ಮಣ್ಯನ ಹೆಂಡತಿ ಆರತಿ.

ರಜನಿ ತಿರುಗಿ ನೋಡಿದಳು. ತನಗಿಂತ ಎರಡು ಪಟ್ಟು ದೊಡ್ಡದಾಗಿ, ತಲೆಕೆಳಗಾಗಿ, ಸೆರಗು ಹಿಡಿದು ತಾನೇ ನಿಂತಿದ್ದಳು. ಎಷ್ಟೋ ಹೊತ್ತು ನೋಡಿದಳು. ಕೈಯಲ್ಲಿ ಮೈಕಿರುವುದು ಅವಳಿಗೆ ಮರೆತುಹೋಗಿರಬೇಕು.

"ಫ್ರೇಮಿನ ಹೊರಗ ಉಳದಿ ಅಂದಿದ್ರೆಲ್ಲಾ?"

ಹಾಲು ಬಿದ್ದು ಬಿದ್ದು ನಕ್ಕಿತು. ಗಂಡಸರು ಹೆಚ್ಚು ಹೊತ್ತು ನಕ್ಕರು. ಹೆಂಗಸರು ಬೇಗ ನಿಲ್ಲಿಸಿದರು. ಚನ್ನವೀರನಿಗೆ ಗೋಡೆಯೊಳಗೆ ಹೊಕ್ಕುಬಿಡೋಣ ಅನ್ನಿಸಿತು.

ಬಾಲಸುಬ್ರಹ್ಮಣ್ಯ ಒಳ್ಳೆಯ ಮನುಷ್ಯ. ಸಮಾಧಾನ ಮಾಡಲು ಹೋದ. "ಪರವಾಗಿಲ್ಲ ಚನ್ನವೀರ್, ಒರಿಜಿನಲ್ ಕೊಡಿ. ಮೇಡಂನ ವಾಪಸ್ ನಿಲ್ಲಿಸ್ಬಹುದು."

"ಅದರ ಮ್ಯಾಲೇ ಸೇವ್ ಮಾಡೀನ್ರಿ."

"ಕ್ಯಾಮೆರಾ ಕಾರ್ಡಲ್ಲಿ ಇರುತ್ತಲ್ಲ?"

"ಅದನ್ನ... ಫಾರ್ಮ್ಯಾಟ್ ಮಾಡೀನಿ."

ಈಗ ಯಾರೂ ನಗಲಿಲ್ಲ. ರಜನಿ ಪರದೆಯ ಕಡೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಬಾಲು ಅವರ, ಆ ಹಕ್ಕಿ ತಗದ್ರ ಏನ್ ಉಳೀತೈತಿ?"

"ನೀರು. ಆಮೇಲೆ... ನೀವು."

"ಹಂಗಾರ ತಗೀರಿ."

ಮಂಗಳನ ಮೇಲಿನ ಧೂಳು ಕೊಡವಿದ ಕೈಗೆ ಕೊಕ್ಕರೆ ಯಾವ ಲೆಕ್ಕ? ಊಟದ ಸಾಲು ಕಟ್ಟುವುದರೊಳಗೆ, ಎಲ್ಲರ ಕಣ್ಣೆದುರಿಗೆ ಕಾಲು ಹೋಯಿತು, ಹೊಟ್ಟೆ ಹೋಯಿತು, ವಾರಗಟ್ಟಲೆ ತಿದ್ದಿದ ಒಂದೊಂದು ಗರಿಯೂ ಹೋಯಿತು. ಕೊನೆಗೆ ಕಣ್ಣು ಹೋಯಿತು. ಆಮೇಲೆ ಬಾಲಸುಬ್ರಹ್ಮಣ್ಯ ಆಚೆಯ ದಡವನ್ನು ಕತ್ತರಿಸಿ, ಚಿತ್ರವನ್ನು ಬುಡಮೇಲು ತಿರುಗಿಸಿದ. ರಜನಿ ನೆಟ್ಟಗೆ ನಿಂತಳು. ನೀರಿನ ಅಲೆಗೆ ಮೈಯೆಲ್ಲ ಸಣ್ಣಗೆ ನಡುಗುವ, ಕೆಂಪು ಸೆರಗು ಹಾರುವ ಹೆಂಗಸು. ಹಳೆಯ ತೈಲಚಿತ್ರವೇ ಸರಿ. ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಮಿತಿ ಅಲ್ಲೇ ಗುಸುಗುಸು ಮಾತಾಡಿ ಮುಖಪುಟ ಇದೇ ಎಂದಿತು. ಮುಂದಿನ ತಿಂಗಳು ಬಂದ ಸಂಚಿಕೆಯ ಒಳಪುಟದಲ್ಲಿ ಹೀಗಿತ್ತು: ಮುಖಪುಟ, ಬಾಲಸುಬ್ರಹ್ಮಣ್ಯ.

ಆ ರಾತ್ರಿ ಸ್ಯಾನ್ ಡಿಯೇಗೋ ಕಡೆಗಿನ ಫ್ರೀವೇಯಲ್ಲಿ ಅರ್ಧ ದಾರಿ ಕಳೆದಿತ್ತು. ಹಿಂದಿನ ಸೀಟಿನಲ್ಲಿ ರಕ್ಷಿತಾ ನಿದ್ದೆ ಹೋಗಿದ್ದಳು.

"ಅವತ್ತ ನಾ ನಿಮ್ಮನ್ನ ನೋಡಿ ನಗಾಕತ್ತಿದ್ದೆ," ಎಂದಳು ರಜನಿ. "ಫೋಟೋದಾಗ ಕಾಣತಿತ್ತೇನು?"

"ಕಾಣತಿತ್ತು."

"ಕಂಡೂ ಅಳಿಸಿದ್ರಿ."

"ಹಕ್ಕಿ ಚಲೋ ಕಾಣಲಿ ಅಂತ..." ಎಂದ ಚನ್ನವೀರ. ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ. ಅವನಿಗೂ ಅದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ರಜನಿ ಕಿಟಕಿಯ ಕಡೆ ತಿರುಗಿದವಳು ಮನೆ ಬರುವವರೆಗೆ ಇತ್ತ ತಿರುಗಲಿಲ್ಲ.

ಅವಳು ಕೂಗಾಡಲಿಲ್ಲ, ಊಟ ಬಿಡಲಿಲ್ಲ, ತವರಿಗೆ ಫೋನು ಮಾಡಿ ಅಳಲಿಲ್ಲ. ಮುಖಪುಟದ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ಸೋಫಾದ ಎದುರಿಗೆ ತೂಗುಹಾಕಿದಳು, ಅಷ್ಟೇ. ಇಂದಿಗೂ ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ಹೋದ ವಾರ ಚನ್ನವೀರನ ಆಫೀಸಿನ ಹೊಸ ಹುಡುಗ ರಾಜೀವ್ ಹೆಂಡತಿಯೊಂದಿಗೆ ಬಂದಿದ್ದ. ಚನ್ನವೀರ ಒಳಗೆ ಚಹಾ ಸೋಸುತ್ತಿದ್ದ.

"ಎಷ್ಟು ಚೆನ್ನಾಗಿದೆ ಆಂಟಿ! ಇದನ್ನ ಯಾರು ತೆಗ್ದಿದ್ದು?" ಎಂದು ರಾಜೀವನ ಹೆಂಡತಿ ಕೇಳಿದಳು.

ಚನ್ನವೀರ ಟ್ರೇ ಹಿಡಿದು ಬಾಗಿಲಿಗೆ ಬಂದವನು, ಈಗಲಾದರೂ ತನ್ನ ಹೆಸರು ಬಂದೀತು ಎಂದು ಅಲ್ಲೇ ನಿಂತ.

"ಯಾರೋ ಅಲ್ಲೇ ನಿಂತಿದ್ರವ್ವಾ," ಎಂದಳು ರಜನಿ. "ಹೆಸರು ಕೇಳಲಿಲ್ಲ."