ಸದ್ದಿಲ್ಲದ ಊರು ಹುಡುಕಿದ್ದು

ನನಗೆ ಸಿಟ್ಟು ಬರಿಸುವವರಿಗೆ ಎಂದೂ ಬರ ಇಲ್ಲ. ಸಾಮಾನ್ಯವಾಗಿ ಅವರೇ ಮನೆ ಬಾಗಿಲಿಗೆ ಬರುತ್ತಾರೆ. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಮಾತ್ರ, ಇರಲು ಬೇರೆ ಊರು ಹುಡುಕುತ್ತೇನೆಂದು ಹೊರಟು, ನಾನೇ ಬಸ್ ಚಾರ್ಜು ಕೊಟ್ಟು ಅವರಿದ್ದಲ್ಲಿಗೆ ಹೋಗಿ ಸಿಟ್ಟು ಮಾಡಿಕೊಂಡು ಬಂದೆ.

೧. ಗಿರಣಿ

ಶಿಕಾರಿಪುರದಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಮುಂದಿನ ಕೋಣೆಯಲ್ಲಿ ಮಿಷನ್‌ಗಳು, ಹಿಂದಿನ ಕೋಣೆಯಲ್ಲಿ ನಾವು ಗಂಡ ಹೆಂಡತಿ. ಪಕ್ಕದ ಖಾಲಿ ಜಾಗದಲ್ಲಿ ಒಬ್ಬ ಸಾಹುಕಾರರು ಹಿಟ್ಟಿನ ಗಿರಣಿ ಹಾಕಿದರು. ಬೆಳಿಗ್ಗೆ ಕುಕ್ ಕುಕ್ ಅಂತ ಶುರುವಾದದ್ದು ದೀಪ ಹಚ್ಚುವ ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಗೋಡೆ ನಡುಗಿ, ಗೂಡಿನಲ್ಲಿಟ್ಟ ಲೋಟ ತಾನಾಗಿ ನಡೆದು ಅಂಚಿಗೆ ಬರುತ್ತಿತ್ತು.

ಹೆಂಡತಿ ಆಗ ಬಸುರಿ. ಹಿಂದೊಮ್ಮೆ ಮೂರು ತಿಂಗಳಿಗೇ ಹೋಗಿಬಿಟ್ಟಿತ್ತು. ಈ ಸಲ ಚೆನ್ನಾಗಿ ನಿದ್ದೆ ಆಗಬೇಕು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವಳೋ ಕಿವಿಗೆ ಹತ್ತಿ ತುರುಕಿಕೊಂಡು, ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಜಗಳಕ್ಕೆಂದೇ ಹೋದೆ.

"ಸಾಹುಕಾರ್ರೇ, ಮಧ್ಯಾಹ್ನ ಆದ್ರೂ ಸ್ವಲ್ಪ ನಿಲ್ಸ್ರಿ. ಮನೇಲಿ ಬಸುರಿ ಹೆಂಗಸು ಇದ್ದಾಳೆ, ನಿದ್ದೆ ಇಲ್ಲ."

ಸಾಹುಕಾರರು ಬೀಳುತ್ತಿದ್ದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ ಸಾವಕಾಶವಾಗಿ ಹೇಳಿದರು: "ನಾನೇ ನಿಮ್ಮ ಮನಿಗೆ ಬರಬೇಕಂತಿದ್ದೆ ಮೇಷ್ಟ್ರೇ. ನಿಮ್ಮ ಹುಡುಗ್ರು ಟಕಟಕ ಅಂತ ಕುಟ್ತಾರಲ್ರೀ, ಆ ಗದ್ದಲದಾಗ ನನ್ನ ಕಲ್ಲು ಹೆಂಗ ತಿರುಗ್ತೈತಿ ಅಂತ ನನಗೇ ಕೇಳ್ಸಂಗಿಲ್ಲ. ಸ್ವಲ್ಪ ಮೆಲ್ಲಕ ಕುಟ್ಟಾಕ ಹೇಳ್ರಿ."

೨. ಸಲಹೆಗಾರರು

ಊರು ಬಿಡುತ್ತೇನೆ ಅಂದದ್ದೇ ತಪ್ಪಾಯಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಸಲಹೆ ಕೊಡತೊಡಗಿದರು. ಇಸ್ಪೀಟು ಆಡುವವನು ಇಸ್ಪೀಟಿಗೆ ಜನ ಸಿಗುವ ಊರು ಹೇಳಿದ. ನಾಟಕದ ಹುಚ್ಚಿನವನು ಕಂಪನಿಗಳು ಟೆಂಟು ಹಾಕುವ ಊರು ಹೇಳಿದ. ಸಕ್ಕರೆ ಕಾಯಿಲೆಯವರೊಬ್ಬರು, "ಆ ಊರಿನ ಜಿಲೇಬಿ ತಿಂದೇ ನೋಡ್ಬೇಕ್ರಿ" ಅಂದರು. ನನ್ನ ಹೆಂಡತಿಗೆ ಏನು ಬೇಕು ಅಂತ ಒಬ್ಬನಾದರೂ ಕೇಳಬೇಕಲ್ಲ! ರೇಗಿ ರೇಗಿ ಗಂಟಲು ಒಣಗಿತು.

ಕೊನೆಗೆ ಎದುರು ಅಂಗಡಿಯ ದರ್ಜಿ ಸಾಬರ ಹತ್ತಿರ ಹೋಗಿ ಕೂತೆ. ಬಹಳ ವರ್ಷದ ಸ್ನೇಹ. ಬಾಯಲ್ಲಿ ದಾರ ಕಚ್ಚಿಕೊಂಡು ನನ್ನ ಕೂಗಾಟವನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಮಾಸ್ತರ್, ನಿಮ್ಮ ಸ್ವಭಾವಕ್ಕೆ ಸರಿಯಾಗೋ ಊರು ನನಗೆ ಗೊತ್ತು" ಅಂದರು.

"ಯಾವುದು ಹೇಳಿ ಸಾಬ್ರೇ, ನಾಳೆನೇ ಹೋಗಿ ನೋಡ್ತೀನಿ."

"ಜನ ಇಲ್ಲದ್ದು."

೩. ಕೆರೆ ದಂಡೆ

ಹೆಂಡತಿಯ ತಮ್ಮ ಗುಡವಿಯ ಕಡೆ ಜಮೀನು ಮಾಡಿಕೊಂಡಿದ್ದ. "ಬನ್ನಿ ಭಾವ, ನಮ್ಮಲ್ಲಿ ಮೋಟಾರಿಲ್ಲ, ಗಿರಣಿ ಇಲ್ಲ, ಕೆರೆ ದಂಡೆ ಮೇಲೇ ಒಂದು ಮನೆ ಖಾಲಿ ಇದೆ. ಅಕ್ಕ ಹಾಯಾಗಿ ಮಲಗಬಹುದು" ಅಂದ. ನಂಬಿ, ಅವಳನ್ನೂ ಕರೆದುಕೊಂಡು ಹೋದೆ.

ಕೆರೆಯ ಗಿಡಗಳ ಮೇಲೆ ಎಲೆ ಕಾಣದಷ್ಟು ಹಕ್ಕಿ. ಮಳೆಗಾಲ, ಎಲ್ಲವೂ ಗೂಡು ಕಟ್ಟಿದ್ದವು. ಒಂದು ಕಿರುಚುತ್ತದೆ, ಒಂದು ಕೊರಗುಟ್ಟುತ್ತದೆ, ಮರಿಗಳು ಊಟಕ್ಕೆ ಬಡಿದಾಡುತ್ತವೆ. ನಾನು ಮಾತಾಡಿದ್ದು ಅವನಿಗೆ ಕೇಳದು, ಅವನು ಹೇಳಿದ್ದು ನನಗೆ ಕೇಳದು. ವಾಸನೆಯಂತೂ ಮೂಗು ಬಿಡಲಾರದು.

"ಇದೇನೋ ಗದ್ದಲ!" ಅಂತ ಅವನ ಕಿವಿಗೆ ಬಾಯಿಟ್ಟು ಕೂಗಿದೆ.

"ಗದ್ದಲ ಅಲ್ಲ ಭಾವ, ಪ್ರಕೃತಿ!"

"ನಿನ್ನ ಪ್ರಕೃತಿಗೆ ಬಾಯಿ ಮುಚ್ಚೋಕೆ ಹೇಳು!" ಅಂದು ಮೇಲೆ ನೋಡಿದೆ. ನೋಡಬಾರದಿತ್ತು. ಪ್ರಕೃತಿ ಸರಿಯಾಗಿ ನನ್ನ ಹಣೆಯ ಮೇಲೇ ಬಿತ್ತು. ಭಾವಮೈದ ಅದನ್ನು ಶುಭಶಕುನ ಅಂದ. ಅವನ ಹೆಗಲ ಮೇಲಿದ್ದ ಟವೆಲಿನಲ್ಲೇ ಶುಭವನ್ನು ಒರೆಸಿ ಅವನಿಗೇ ವಾಪಸು ಕೊಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ ಹೆಂಡತಿ ಕಿವಿಯ ಹತ್ತಿ ತೆಗೆಯುತ್ತಾ ಅಂದಳು: "ಗಿರಣಿಗೆ ಅಮಾವಾಸ್ಯೆಗಾದ್ರೂ ರಜೆ ಇತ್ತು ಕಣ್ರೀ."

೪. ಕುಪ್ಪಗಡ್ಡೆಯ ಹಿರಿಯರು

ಆಮೇಲೆ ಹೋಗಿ ನೋಡಿದ ಹಳ್ಳಿ ಕುಪ್ಪಗಡ್ಡೆ ನನಗೆ ಮೆಚ್ಚುಗೆಯಾಗಿತ್ತು. ಊರಿನ ಹಿರಿಯರೊಬ್ಬರು ಮಜ್ಜಿಗೆ ಕೊಟ್ಟು, ಚಾಪೆ ಹಾಸಿ ಕೂರಿಸಿದರು. ಟೈಪಿಂಗ್ ಶಾಲೆಗೂ ಆಗುವಂಥ ಮನೆ ಇತ್ತು, ಸದ್ದೂ ಇರಲಿಲ್ಲ. ಇನ್ನೇನು ಮಾತು ಮುಗಿಯಬೇಕು, ಅಷ್ಟರಲ್ಲಿ ಅವರು ಕೇಳಿದರು.

"ಈ ಟೈಪು ಕಲ್ತ್ರೆ ಎಂತಾಗ್ತದೆ ಮೇಷ್ಟ್ರೇ?"

"ಗುಮಾಸ್ತೆ ಕೆಲಸ ಸಿಗುತ್ತೆ."

"ಈ ಊರಾಗಾ?"

"ಇಲ್ಲೆಲ್ಲಿ ಆಫೀಸು? ಶಿವಮೊಗ್ಗಕ್ಕೋ, ಬೆಂಗಳೂರಿಗೋ ಹೋಗಬೇಕು."

ಹಿರಿಯರು ನನ್ನ ಕೈಯಿಂದ ಖಾಲಿ ಲೋಟ ಇಸಿದುಕೊಂಡರು. "ಅಂದ್ರೆ ನಮ್ಮ ಹುಡುಗರನ್ನ ಊರು ಬಿಡಿಸೋಕೆ, ನಮ್ಮೂರಾಗೇ ನಿಮಗೆ ಮನೆ ಕೊಡ್ಬೇಕು. ಅಲ್ದಾ?"

ಸಿಟ್ಟು ಬಂತು. ಆದರೆ ಕುಡಿದದ್ದು ಅವರದೇ ಮಜ್ಜಿಗೆ. ಸಿಟ್ಟನ್ನು ಹಾಗೇ ಕಟ್ಟಿಕೊಂಡು ಬಸ್ಸಿಗೆ ನಡೆದೆ.

೫. ಸೊರಬದ ಪರೀಕ್ಷೆ

ಉಳಿದದ್ದು ಸೊರಬ. ಅಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರ ಮನೆ ಬಾಡಿಗೆಗಿತ್ತು. ಗಟ್ಟಿ ಗೋಡೆ, ಅಂಗಳದಲ್ಲೇ ಸಿಹಿನೀರ ಬಾವಿ. ಹೆಂಡತಿ ಒಳಗೆ ಹೋದವಳು ಹೊರಗೇ ಬರಲಿಲ್ಲ. ಹುಡುಕಿದರೆ ನಡುಮನೆಯ ತಣ್ಣನೆ ನೆಲದ ಮೇಲೆ ಸೆರಗು ಹಾಸಿ ನಿದ್ದೆ ಹೋಗಿದ್ದಳು. ಎಷ್ಟೋ ದಿನಕ್ಕೆ ಅವಳ ಮುಖ ಅಷ್ಟು ತಿಳಿಯಾಗಿ ಕಂಡಿತು. ಏನೇ ಆದರೂ ಈ ಮನೆ ಬಿಡಬಾರದು, ಬಾಯಿ ಬಿಗಿ ಹಿಡಿಯಬೇಕು ಅಂತ ನಿರ್ಧರಿಸಿದೆ.

ಮನೆ ಮಾಲೀಕ ಮಾಸ್ತರರು ಪ್ರಶ್ನೆ ಶುರುಮಾಡಿದರು. ನೀವು ಯಾವ ಪೈಕಿ? ಬೆಳ್ಳುಳ್ಳಿ ತಿಂತೀರಾ? ನೆಂಟರು ಬಂದರೆ ಎಷ್ಟು ದಿನ ಇರ್ತಾರೆ? ಗೋಡೆಗೆ ಮೊಳೆ ಹೊಡೀತೀರಾ? ರಾತ್ರಿ ಗೊರಕೆ ಹೇಗೆ? ಎಲ್ಲಕ್ಕೂ ಹಲ್ಲು ಕಚ್ಚಿ ಉತ್ತರ ಕೊಟ್ಟೆ. ಕಡೆಗೆ, "ಅಲ್ಲ, ನಿಮ್ಮ ಹೆಂಡ್ತಿ ಎಂತಕ್ಕೆ ಹೀಗೆ ಕಂಡವರ ಮನೇಲಿ ಮಲಗ್ತಾರೆ?" ಅಂದರು.

ಅಷ್ಟೇ. ಕಟ್ಟೆ ಒಡೆಯಿತು. "ನಿದ್ದೆ ಇಲ್ಲದೆ ಸಾಯ್ತಿದ್ದಾಳೆ ರೀ ಅವಳು! ನಿಮ್ಮ ಮನೆ ನೀವೇ ಇಟ್ಕೊಳ್ಳಿ! ಮೊಳೆ ಹೊಡೆದು ನೀವೇ ನೇತು ಹಾಕ್ಕೊಳ್ಳಿ!" ಬೀದಿಗೆ ಕೇಳುವಂತೆ ಅರಚಿ, ಅವಳನ್ನು ಎಬ್ಬಿಸಲು ಹೊರಟೆ.

ಮಾಸ್ತರರು ನಗುತ್ತಾ ಬೀಗದ ಕೈ ಚಾಚಿದರು. "ತಗೊಳ್ಳಿ ಮಾರಾಯ್ರೆ. ಸಿಟ್ಟು ಬಂದ್ರೆ ಬಾಯಲ್ಲಿ ಹೇಳೋರೇ ಬೇಕಾಗಿತ್ತು. ಹಿಂದೆ ಇದ್ದೋರು ಸಿಟ್ಟು ಬಂದ್ರೆ ಸುಮ್ಮನೆ ಹೋಗಿ ಬಾವಿಗೆ ಕಸ ಹಾಕೋರು."

೬. ಸಾಮಾನು ಇಳಿದದ್ದು

ಸಾಮಾನನ್ನು ಲಾರಿಯಲ್ಲಿ ಮುಂದೆ ಕಳಿಸಿ ನಾವು ಬಸ್ಸು ಹತ್ತಿದೆವು. ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟಿತು. ನಾನೂ ಕೆಟ್ಟೆ. ಅಂತೂ ಸೊರಬ ಸೇರಿ ನೋಡಿದರೆ ನಮ್ಮ ಮನೆಯ ಮುಂದೆ ಲಾರಿಯೂ ಇಲ್ಲ, ಒಂದು ಚೊಂಬೂ ಇಲ್ಲ. ಚಹದಂಗಡಿಯವನನ್ನು ಕೇಳಿದೆ.

"ಹೊಸದಾಗಿ ಬಂದೋರ ಸಾಮಾನಾ? ಆಗ್ಲೇ ಇಳ್ಸಿ, ಜೋಡ್ಸೂ ಆಯ್ತಲ್ಲ, ಆಚೆ ಬೀದೀಲಿ."

ಆಗಿದ್ದಿಷ್ಟು. ಆಚೆ ಬೀದಿಯಲ್ಲಿ ಒಬ್ಬರು ಲೇಡಿ ಡಾಕ್ಟರು ಹೊಸದಾಗಿ ದವಾಖಾನೆ ತೆರೆಯುವವರಿದ್ದರು. ಅವರು ನಿಜವಾಗಿ ಬಂದದ್ದು ಮುಂದಿನ ವಾರ. ನಮ್ಮ ಮಗಳು ಸುಖವಾಗಿ ಹುಟ್ಟಿದ್ದೂ ಅವರ ಕೈಯಲ್ಲೇ. ಆದರೆ ಆ ದಿನ ನಮ್ಮ ಲಾರಿ ಡ್ರೈವರು ಸರ್ಕಲ್ಲಿನಲ್ಲಿ ನಿಂತು, "ಹೊಸದಾಗಿ ಬರೋರ ಮನೆ ಯಾವುದ್ರೀ?" ಅಂತ ಕೇಳಿದ್ದಾನೆ. ಊರವರು ಪ್ರೀತಿಯಿಂದ ಅಲ್ಲಿಗೇ ಕರೆದುಕೊಂಡು ಹೋಗಿ ಇಳಿಸಿದ್ದಾರೆ.

ಹೋಗಿ ನೋಡುತ್ತೇನೆ, ಬಾಗಿಲಿಗೆ ತೋರಣ. ಒಳಗೆ ನನ್ನ ಟೈಪು ಮಿಷನ್‌ಗಳು ಗವಸು ಹಾಕಿಕೊಂಡು ಸಾಲಾಗಿ ಕೂತಿದ್ದವು. ಅವು ಎದೆ ಪರೀಕ್ಷೆ ಮಾಡುವ ಮಿಷನ್ ಇರಬೇಕೆಂದು ಯಾರೋ ಒಂದೊಂದಕ್ಕೂ ಕುಂಕುಮ ಇಟ್ಟಿದ್ದರು. ಜಗಲಿಯ ತುಂಬ ಕೆಮ್ಮುವವರು, ನರಳುವವರು.

ಹೆಂಡತಿಯನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. "ಬನ್ನಿ ಡಾಕ್ಟ್ರಮ್ಮಾ!" ಅಂತ ಅವಳನ್ನು ನಮ್ಮದೇ ಕುರ್ಚಿಯಲ್ಲಿ ಕೂರಿಸಿದರು. ಒಬ್ಬ ಅಜ್ಜಿ ಅವಳ ಮುಂದೆ ನಾಲಿಗೆ ಚಾಚಿದಳು. ಹೆಂಡತಿ ನಗು ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನನ್ನನ್ನು ಯಾರೂ ಕೇಳಲಿಲ್ಲ. ಒಬ್ಬ ಮುದುಕಪ್ಪ ಮಾತ್ರ ಖಾಲಿ ಔಷಧದ ಬಾಟಲಿಯನ್ನು ನನ್ನ ಕೈಗೆ ತುರುಕಿ, "ಕಾಂಪೌಂಡ್ರೇ, ಚೆನ್ನಾಗಿ ತೊಳ್ದು ತುಂಬಿ" ಅಂದ.

ಗಿರಣಿ, ಹಕ್ಕಿ, ಬಸ್ಸು, ಎಲ್ಲದರ ಸಿಟ್ಟೂ ಒಟ್ಟಿಗೇ ನೆತ್ತಿಗೇರಿತು.

"ನಾನು ಕಾಂಪೌಂಡರ್ ಅಲ್ಲ ರೀ!" ಅಂತ ಮಾಡು ಹಾರುವಂತೆ ಕೂಗಿದೆ. "ನಾನು ಟೈಪ್! ಟೈಪ್ ಮೇಷ್ಟ್ರು!"

ಮುದುಕಪ್ಪ ಭಯಭಕ್ತಿಯಿಂದ ಬಾಟಲಿ ವಾಪಸು ತೆಗೆದುಕೊಂಡು, ಪಕ್ಕದವನ ಕಡೆ ತಿರುಗಿ ಪಿಸುಗುಟ್ಟಿದ.

"ನಮ್ದು ಬರೀ ಕೆಮ್ಮು, ಆಚೆ ಸರಿಯೋ. ಟೈಪಾಯ್ಡಿಗೇ ಅಂತ ಬೇರೆ ಮೇಷ್ಟ್ರನ್ನ ಇಟ್ಟಿದಾರೆ ಡಾಕ್ಟ್ರಮ್ಮ."