ಭಾವನ ಎರಡು ಲೆನ್ಸು

ನಮ್ಮ ಭಾವನ ಮುಂದೆ ಯಾವತ್ತೂ ಎರಡು ಬಾಳೆಹಣ್ಣು ಇಡಬಾರದು. ಒಂದಿಟ್ಟರೆ ಖುಷಿಯಾಗಿ ತಿನ್ನುತ್ತಾರೆ. ಎರಡಿಟ್ಟರೆ ಆ ಮನುಷ್ಯ ಉಪವಾಸ! ಎಡಗಡೆಯದು ಚೆನ್ನಾಗಿ ಹಣ್ಣಾಗಿದೆ, ಬಲಗಡೆಯದನ್ನು ನಾಳೆಗೂ ಇಡಬಹುದು, ಹಾಗಿದ್ದ ಮೇಲೆ ಮೊದಲು ಯಾವುದನ್ನು ತಿನ್ನುವುದು ನ್ಯಾಯ ಎಂದು ಯೋಚಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ ಮನೆಯಲ್ಲಿ ಯಾರೋ ಎರಡನ್ನೂ ತಿಂದು ಸಿಪ್ಪೆ ಬಿಸಾಕಿರುತ್ತಾರೆ. ಇಂಥವರು ನಮ್ಮಕ್ಕನನ್ನು ಹೇಗೆ ಒಪ್ಪಿದರು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿದ್ದದ್ದು ಒಬ್ಬಳೇ ಹೆಣ್ಣುಮಗಳು. ಇನ್ನೊಬ್ಬಳು ಇದ್ದಿದ್ದರೆ ಇಬ್ಬರೂ ಇವತ್ತಿಗೂ ಕಾಫಿ ತಟ್ಟೆ ಹಿಡಿದುಕೊಂಡು ನಿಂತಿರಬೇಕಾಗಿತ್ತು.

ಭಾವನಿಗೆ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಕೆಲಸ, ಕನಕಪುರದಲ್ಲಿ ಮನೆ, ತಲೆಯ ತುಂಬಾ ಕ್ಯಾಮೆರಾ. ಮಾಗಡಿಯಲ್ಲಿ ಒಂದು ಸ್ಟುಡಿಯೋ ಬಾಗಿಲು ಹಾಕುವಾಗ ಅದರ ಯಜಮಾನರು ಇವರ ಕಾಟ ತಡೆಯಲಾರದೆ ಕೊಟ್ಟುಬಿಟ್ಟ ಹಳೇ ರೇಂಜ್‌ಫೈಂಡರ್ ಕ್ಯಾಮೆರಾ ಅದು. ಊರಿನ ಹುಡುಗರೆಲ್ಲ ಫೋನಿನಲ್ಲೇ ಫೋಟೊ ತೆಗೆಯಲು ಶುರುಮಾಡಿದ್ದ ಕಾಲದಲ್ಲಿ ನಮ್ಮ ಭಾವ ರೀಲು ಹುಡುಕಿಕೊಂಡು ಬೆಂಗಳೂರು ಬಸ್ಸು ಹತ್ತುತ್ತಿದ್ದರು.

ಆ ಕ್ಯಾಮೆರಾದ ರೀತಿಯೇ ಬೇರೆ. ನಾವು ಕಣ್ಣಿಟ್ಟು ನೋಡುವ ಕಿಟಕಿ ಒಂದು ಕಡೆ, ಚಿತ್ರ ಹಿಡಿಯುವ ಲೆನ್ಸು ಇನ್ನೊಂದು ಕಡೆ. ಎರಡಕ್ಕೂ ಮಾತುಕತೆ ಇಲ್ಲ. ಲೆನ್ಸಿನ ಮೇಲೆ ಮುಚ್ಚಳ ಹಾಕಿಯೇ ಇದ್ದರೂ ಕಿಟಕಿಯಲ್ಲಿ ಮಾತ್ರ ಲೋಕವೆಲ್ಲ ನಿಚ್ಚಳವಾಗಿ ಕಾಣುತ್ತದೆ. ನನ್ನ ಮಗಳ ನಾಮಕರಣದಲ್ಲಿ ಭಾವ ಒಂದಿಡೀ ರೀಲು ತೆಗೆದರು. ನೆಂಟರನ್ನು ಹತ್ತು ಸಲ ನಿಲ್ಲಿಸಿದರು, ಕೂರಿಸಿದರು, ತೊಟ್ಟಿಲನ್ನು ಬಾಗಿಲಿಗೆ ತಂದರು, ಮತ್ತೆ ಒಳಗೆ ಕಳಿಸಿದರು. ರಾಮನಗರದಲ್ಲಿ ತೊಳೆಸಿ ತಂದ ಫಿಲಂ ನೋಡಿದರೆ ತುದಿಯಿಂದ ತುದಿಯವರೆಗೆ ಏನೂ ಇಲ್ಲ.

"ಏನ್ ಭಾವ, ಅಮಾಸೆ ರಾತ್ರಿ ಫೋಟೊ ತೆಗ್ದಿದ್ದೀರಾ?" ಎಂದೆ.

"ಕಿಟ್ಕೀಲಿ ಎಲ್ಲಾ ಸಂದಾಗೇ ಕಾಣ್ತಿತ್ತು ಕಣ್ಲಾ. ಮುಚ್ಚಳ ಐತೆ ಅಂತ ನಂಗೇನ್ ಗೊತ್ತು?" ಎಂದರು. ತಪ್ಪು ಕ್ಯಾಮೆರಾದ್ದು ಎಂಬಂತೆ ಅದನ್ನೇ ದುರುಗುಟ್ಟಿ ನೋಡಿದರು.

ಇಷ್ಟಕ್ಕೇ ನಿಂತಿದ್ದರೆ ನಾವೂ ಸುಖವಾಗಿರುತ್ತಿದ್ದೆವು. ಆದರೆ ಅವರ ಕಾರ್ಖಾನೆಗೆ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದ. ಅವನ ಕೊರಳಲ್ಲೂ ಅಂಥದ್ದೇ ಕ್ಯಾಮೆರಾ! ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಕ್ಯಾಂಟೀನಿನಲ್ಲಿ ಇಬ್ಬರೂ ಕೈಸನ್ನೆಯಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರಂತೆ. ಅವನ ಹತ್ತಿರ ಇದ್ದದ್ದು ಭಾವನ ಲೆನ್ಸಿನ ಹೊಸ ಅವತಾರ. ಅದೇ ಕಂಪನಿ, ಅದೇ ಅಳತೆ, ಆದರೆ ಎಷ್ಟೋ ವರ್ಷ ಆದಮೇಲೆ ಮಾಡಿದ್ದು. ಅವನಿಗೋ ಹಳೆಯದರ ಮೇಲೆ ಮೋಹ. ಬೇಕಾದರೆ ಅದಲು ಬದಲು ಮಾಡಿಕೊಳ್ಳೋಣ, ಆಯುಧಪೂಜೆ ಕಳೆದ ಮೇಲೆ ನಾನು ಊರಿಗೆ ಹೊರಡುತ್ತೇನೆ, ಅಷ್ಟರೊಳಗೆ ನೋಡಿ ಹೇಳು ಎಂದು ತನ್ನ ಲೆನ್ಸನ್ನೇ ಭಾವನ ಕೈಗೆ ಕೊಟ್ಟ. ಪಾಪ, ಅವನಿಗೆ ಬಾಳೆಹಣ್ಣಿನ ವಿಷಯ ಗೊತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಪರೀಕ್ಷೆ. ಚನ್ನಪಟ್ಟಣದ ಬೊಂಬೆಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿ ಹಳೆಯದರಲ್ಲಿ ಒಂದು, ಹೊಸದರಲ್ಲಿ ಒಂದು ತೆಗೆದರು. ಹಳೆಯದರಲ್ಲಿ ಬೊಂಬೆಗಳು ಮೆತ್ತಗೆ, ಆಗತಾನೇ ನಿದ್ದೆಯಿಂದ ಎದ್ದ ಮಕ್ಕಳ ಹಾಗೆ ಬಂದವು. ಹೊಸದರಲ್ಲಿ ಅರಗಿನ ಬಣ್ಣದ ಮೇಲೆ ಉಳಿದಿದ್ದ ಬೆರಳಚ್ಚು ಕೂಡ ಬಂತು. ಯಾವುದು ಮೇಲು? ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಫೋಟೊ ತಲೆಕೆಳಗು ಮಾಡಿಯೂ ನೋಡಿದರು. ರಾಮನಗರದ ಬಂಡೆಬೆಟ್ಟಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಹಳೆಯದರಲ್ಲಿ ತೆಗೆದು ಹೊಸದು ಹಾಕುವಷ್ಟರಲ್ಲಿ ಬಿಸಿಲು ಜರುಗಿತು. ಅನ್ಯಾಯವಾಗುತ್ತದೆ ಎಂದು ಮುಂದಿನ ಭಾನುವಾರ ಮತ್ತೆ ಹೋದೆವು. ಆವತ್ತು ಮೋಡ. ಬೆಟ್ಟ ಎದ್ದು ಹೋಗದೆ ಅಲ್ಲೇ ಇತ್ತಲ್ಲ, ಅದೇ ನನ್ನ ಪುಣ್ಯ.

ಮುದ್ದೆ ತಿರುವುತ್ತಿದ್ದ ಅಕ್ಕನನ್ನೂ ಬಿಡಲಿಲ್ಲ. ಎರಡು ಲೆನ್ಸಿನಲ್ಲೂ ತೆಗೆದ ಅವಳದೇ ಎರಡು ಫೋಟೊ ಮುಂದೆ ಹಿಡಿದು ಯಾವುದು ಚೆನ್ನಾಗಿದೆ ಎಂದು ಕೇಳಿದರು.

"ಎರಡ್ರಲ್ಲೂ ನಾನೇ ಅಲ್ವಾ? ಬೇರೆ ಹೆಂಡ್ತೀನ ತೋರ್ಸೋ ಲೆನ್ಸ್ ಬಂದ್ರೆ ಹೇಳಿ, ಆಗ ನೋಡನ," ಎಂದಳು ಅಕ್ಕ.

ಭಾವನ ತಾಯಿಯನ್ನು ಮನೆಯವರೆಲ್ಲ ಕರೆಯುವಂತೆ ನಾನೂ ಅವ್ವ ಎನ್ನುತ್ತೇನೆ. ಅವ್ವನ ಕೈಗೂ ಆ ಎರಡು ಫೋಟೊ ಕೊಟ್ಟರು. ಅವ್ವ ಒಂದೊಂದನ್ನೂ ಸವರಿ, "ಎರಡೂ ಸಂದಾಗವೆ ಕಣ್ ಮಗಾ," ಎಂದರು.

"ಈ ಮನೇಲಿ ನ್ಯಾಯ ಹೇಳೋರೇ ಇಲ್ಲ," ಎಂದು ಭಾವ ಗೊಣಗಿಕೊಂಡು ಹೋದರು.

ಹೀಗೇ ಆಯುಧಪೂಜೆ ಬಂತು. ನಮ್ಮ ಕಡೆ ಆವತ್ತು ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಬೈಕು ತೊಳೆದು ಹೂವಿನ ಹಾರ ಹಾಕಿದ್ದಾಯಿತು. ಕುಡುಗೋಲು, ಮಚ್ಚು, ಮಿಕ್ಸಿ, ಅಕ್ಕನ ಹೊಲಿಗೆ ಯಂತ್ರ ಎಲ್ಲ ಚಾಪೆಯ ಮೇಲೆ ಬಂದು ಕೂತವು. ಭಾವ ಕ್ಯಾಮೆರಾ ಇಟ್ಟು, ಅದರ ಪಕ್ಕದಲ್ಲಿ ಎರಡು ಲೆನ್ಸುಗಳನ್ನೂ ಮುಚ್ಚಳ ತೆಗೆದು, ಒರೆಸಿ, ಗಾಜು ಮೇಲೆ ಮಾಡಿ ಇಟ್ಟರು. ವಿಭೂತಿ ಕುಂಕುಮ ಇಡುವುದು ಪ್ರತಿ ವರ್ಷವೂ ಅವ್ವನ ಕೆಲಸ. ಅವ್ವ ಮಚ್ಚಿಗೆ ಇಟ್ಟರು, ಮಿಕ್ಸಿಗೆ ಇಟ್ಟರು. ಆಮೇಲೆ ನೀರಲ್ಲಿ ಅದ್ದಿದ ವಿಭೂತಿಯಿಂದ ಎರಡು ಲೆನ್ಸಿನ ಗಾಜಿನ ಮೇಲೂ ಮೂರು ಮೂರು ಪಟ್ಟೆ ಎಳೆದು, ನಡುವೆ ದುಂಡಗೆ ಕುಂಕುಮ ಇಟ್ಟುಬಿಟ್ಟರು!

ಭಾವ ಹೌಹಾರಿ ಓಡಿಬಂದರು. ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಬುಡಿ ಭಾವ, ಈಗ ಹಳೇದೂ ಒಂದೇ ಹೊಸದೂ ಒಂದೇ," ಎಂದು ನಾನು ಕಿಚಾಯಿಸಿದೆ.

"ಅವ್ವಾ, ಗಾಜಿನ ಮ್ಯಾಲೆ ಯಾಕವ್ವ ಇಟ್ಟೆ?"

"ಮುಚ್ಚಳ ಹಾಕಿದ್ದೀಯ ಅನ್ಕಂಡೆ ಕಣ್ಲಾ. ಕೊಡಿಲ್ಲಿ, ಒರೆಸ್ತೀನಿ," ಎಂದು ಅವ್ವ ಸೆರಗು ಹಿಡಿದು ಕೈ ಚಾಚಿದರು. ಕೈ ಲೆನ್ಸಿಗೆ ಹೋಗಲಿಲ್ಲ. ಪಕ್ಕದಲ್ಲಿ ಬರಿಯ ಚಾಪೆಯನ್ನು ತಡಕಿತು.

ನಮ್ಮ ನಗು ನಿಂತಿತು. ಭಾವ ಅವ್ವನ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಗೋಡೆಯಲ್ಲಿದ್ದ ತಮ್ಮ ಅಪ್ಪನ ಫೋಟೊ ತೆಗೆದು ಅವ್ವನ ಕೈಗಿಟ್ಟು, "ಇದ್ರಾಗೆ ಯಾರವ್ರವ್ವ?" ಎಂದರು.

ಅವ್ವ ಫೋಟೊದ ಗಾಜನ್ನು ಬೆರಳಿಂದ ಸವರಿ, "ನೀನೇ ಹೇಳ್ಬುಡ್ಲಾ," ಎಂದರು.

"ಯಾವಾಗಿಂದವ್ವ?"

"ಯುಗಾದಿಯಿಂದ್ಲೂ ಒಸಿ ಮಂಜು ಮಂಜು. ನಿಂಗೆ ನಿನ್ ಕೆಲ್ಸಾನೇ ಹಾಸಿ ಹೊದ್ಕಳಂಗೈತೆ. ಯಾಕ್ ಹೇಳನ ಅಂತ ಸುಮ್ಕಿದ್ದೆ."

ಬೊಂಬೆಯ ಮೇಲಿನ ಬೆರಳಚ್ಚನ್ನು ಭೂತಗನ್ನಡಿಯಲ್ಲಿ ಹುಡುಕಿದ ಮನುಷ್ಯನಿಗೆ ಆವತ್ತು ಹಬ್ಬದೂಟ ಬೇಡವಾಯಿತು. ಲೆನ್ಸುಗಳನ್ನು ಒರೆಸಿದವಳು ಅಕ್ಕ.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಎರಡು ಕಣ್ಣಿಗೂ ಪೊರೆ ಬಂದಿದೆ, ಒಂದಾದ ಮೇಲೆ ಒಂದು ಆಪರೇಷನ್ ಮಾಡಬೇಕು ಎಂದರು. ಆಮೇಲೆ ಬಹಳ ಸಮಾಧಾನದಿಂದ ಹೇಳಿದರು: "ಪೊರೆ ತೆಗೆದು ಕಣ್ಣೊಳಗೆ ಲೆನ್ಸ್ ಹಾಕ್ತೀವಿ. ಅದರಲ್ಲಿ ಎರಡು ಥರ ಇದೆ. ಒಂದು ಹಳೇದು, ಒಂದು ಹೊಸದು. ಹಳೇದೂ ಒಳ್ಳೇದೇ, ಎಷ್ಟೋ ವರ್ಷದಿಂದ ಹಾಕ್ತಿದ್ದೀವಿ. ಹೊಸದು..."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಮುಗಿಯಿತು ಕಥೆ! ಇನ್ನು ಈ ಮನುಷ್ಯ ಎರಡನ್ನೂ ಮನೆಗೆ ಕೊಡಿ ಸಾರ್, ಬೊಂಬೆ ಇಟ್ಟು ನೋಡುತ್ತೇನೆ ಎನ್ನುತ್ತಾರೆ. ಇವರು ತೀರ್ಮಾನಿಸುವ ಹೊತ್ತಿಗೆ ಅವ್ವ ಇರುತ್ತಾರೋ ಇಲ್ಲವೋ.

"ಹೊಸದು ಮಡಚಿ ಒಳಗೆ ಕಳಿಸೋ ಅಂಥದ್ದು. ಗಾಯ ಚಿಕ್ಕದು, ಬೇಗ ಮಾಯುತ್ತೆ. ಯೋಚನೆ ಮಾಡಿ ನಾಳೆ..."

"ಹೊಸದೇ ಹಾಕಿ ಸಾರ್," ಎಂದರು ಭಾವ.

ಡಾಕ್ಟರ ಮಾತು ಇನ್ನೂ ಬಾಯಲ್ಲೇ ಇತ್ತು.

ಆಪರೇಷನ್‌ಗೆ ಸಿಕ್ಕಿದ ದಿನವೇ ಆ ಇಂಜಿನಿಯರ್ ಊರಿಗೆ ಹೊರಡುವ ದಿನ. ಹಿಂದಿನ ಸಂಜೆ ಭಾವ ಹೊಸ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಹಾರೋಹಳ್ಳಿಗೆ ಹೋಗಿ ಅವ್ನಿಗೆ ಕೊಟ್ಬುಟ್ಟು ಬಾರ್ಲಾ. ಒಳ್ಳೆ ಮನ್ಸ."

"ಅದಲು ಬದಲು ಬ್ಯಾಡ್ವಾ ಭಾವ? ಹಳೇದೂ ಕೊಡಿ, ನಾನೇ ಬದಲಾಯಿಸ್ಕಂಡು ಬತ್ತೀನಿ. ಇಷ್ಟು ದಿನ ಒದ್ದಾಡಿದ್ದೀರಿ."

"ಯಾವ್ದೋ ಒಂದು ಇದ್ರಾಯ್ತು ಕಣ್ಲಾ. ಈಗ ಅದು ತಲೇಗೇ ಹೋಗ್ತಿಲ್ಲ."

ಮಾರನೆಯ ಬೆಳಿಗ್ಗೆ ಅವ್ವನ ಬಲಗಣ್ಣಿನ ಆಪರೇಷನ್ ಆಯಿತು. ಅದರ ಮರುದಿನ ನರ್ಸಮ್ಮ ಕಣ್ಣಿನ ಪಟ್ಟಿ ಬಿಚ್ಚುವಾಗ ಭಾವ ಮಂಚದ ಪಕ್ಕ ಕೈಕಟ್ಟಿ ನಿಂತಿದ್ದರು. ಅವ್ವ ಮೊದಲು ಕಿಟಕಿ ನೋಡಿದರು. ಆಮೇಲೆ ನರ್ಸಮ್ಮನ ಸೀರೆ, ಆಮೇಲೆ ತಮ್ಮ ಎರಡು ಕೈ. ಕೊನೆಗೆ ತಿರುಗಿ ಮಗನನ್ನು ನೋಡಿದರು. ನೋಡುತ್ತಲೇ ಇದ್ದರು.

"ಏನ್ಲಾ ಮಗಾ," ಎಂದರು ಮೆಲ್ಲಗೆ. "ತಲೆ ಇಷ್ಟೊಂದ್ ಯಾವಾಗ್ಲಾ ನರೆತೋಯ್ತು?"

ಭಾವ ಮಂಚದ ಅಂಚಿಗೆ ಕೂತು ತಲೆ ತಗ್ಗಿಸಿದರು. ನನಗೂ ಅಳು ಬಂತು. ಅವ್ವ ಕೈ ಚಾಚಿದರು. ಈ ಸಲ ಅದು ಎಲ್ಲೂ ತಡಕಲಿಲ್ಲ. ನೆಟ್ಟಗೆ ಹೋಗಿ ಮಗನ ನರೆತ ಕೂದಲ ಮೇಲೆ ಕೂತಿತು.