ಖಾನಾವಳಿಯ ಕೋಶ ವಿಭಜನೆ

ಸುಮ್ಮನೆ ನಿಂತಂತೆ ಕಾಣುವ ಯಾವುದನ್ನು ನೋಡಿದರೂ ನನಗೆ ಮೈ ಉರಿಯುತ್ತದೆ. ಇಂಜಿನು ಗುರುಗುಟ್ಟುತ್ತಿದ್ದರೂ ನಿಲ್ದಾಣ ಬಿಡದ ಬಸ್ಸು, ಒಲೆಯ ಮೇಲಿದ್ದರೂ ಉಕ್ಕದ ಹಾಲು, ಮದುವೆಗೆ ಹೊರಟು ಇನ್ನೂ ನೆರಿಗೆ ಸರಿಮಾಡಿಕೊಳ್ಳುತ್ತಿರುವ ಹೆಂಡತಿ, ಯಾವುದಾದರೂ ಸರಿ. ಇಂಥವನು ಹುನಗುಂದದ ಕಾಲೇಜಿನಲ್ಲಿ ನಿವೃತ್ತಿಯವರೆಗೆ ಜೀವಕೋಶದ ತಾಳ್ಮೆಯನ್ನು ಪಾಠ ಹೇಳಿದ್ದು ಆ ಭಗವಂತನ ತಮಾಷೆಯೇ ಇರಬೇಕು. ಕೋಶವೊಂದು ಎರಡಾಗುವ ಗಳಿಗೆ ಚಿಕ್ಕದು, ಅದಕ್ಕೆ ಮುಂಚಿನ ಸಿದ್ಧತೆಯ ಕಾಲವೇ ದೊಡ್ಡದು. ಆಗ ಅದು ಉಣ್ಣುತ್ತದೆ, ಬೆಳೆಯುತ್ತದೆ. ತಾನು ಹೇಗಿರಬೇಕೆಂಬ ಸೂಚನೆಗಳೆಲ್ಲ ಇರುವ ಡಿಎನ್‌ಎಯನ್ನು ಪೂರ್ತಿ ನಕಲು ಮಾಡುತ್ತದೆ, ನಕಲಿನ ತಪ್ಪು ಹುಡುಕಿ ತಿದ್ದುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಣುಕಿದವನಿಗೆ ಮಾತ್ರ ಏನೂ ನಡೆದಂತೆ ಕಾಣುವುದಿಲ್ಲ. ಹಿಂದಿನವರು ಅದನ್ನು ವಿಶ್ರಾಂತಿಯ ಹಂತ ಎಂದೇ ಕರೆದುಬಿಟ್ಟಿದ್ದರು. ಪಾಪ, ಅವರೂ ನನ್ನಂಥವರೇ.

ಇಳಕಲ್ಲಿನಲ್ಲಿ ನನ್ನ ಹೆಂಡತಿ ಗಿರಿಜಾ ಒಂದು ರೊಟ್ಟಿ ಖಾನಾವಳಿ ನಡೆಸುತ್ತಾಳೆ. ನಿವೃತ್ತನಾದ ಮೇಲೆ ಅದರ ಗಲ್ಲಾದ ಮೇಲೆ ಕೂರುವ ಭಾಗ್ಯ ನನ್ನದಾಯಿತು. ಅಡುಗೆಮನೆಗೆ ಮಾತ್ರ ಪ್ರವೇಶವಿಲ್ಲ. ನನ್ನ ತಂಗಿ ನೀಲಾಳೂ ನಮ್ಮೊಂದಿಗಿದ್ದಳು. ಬೇವೂರಿನಲ್ಲಿ ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳು "ಹೂಂ", "ಬ್ಯಾಡ" ಎಂಬೆರಡು ಮಾತಿನಲ್ಲೇ ದಿನ ಕಳೆಯುತ್ತಿದ್ದಳು. ಚಿಕ್ಕವಳಿದ್ದಾಗ ಅವಳು ನಕ್ಕರೆ ಓಣಿಗೆಲ್ಲ ಕೇಳುತ್ತಿತ್ತು. ಬಾದಾಮಿಯಲ್ಲಿ ಇನ್ನೊಂದು ಖಾನಾವಳಿ ತೆರೆದು ಅವಳ ಕೈಗೆ ಕೊಡೋಣ, ತನ್ನ ಕಾಲ ಮೇಲೆ ತಾನು ನಿಂತರೆ ಚೇತರಿಸಿಕೊಂಡಾಳು ಎಂದವಳು ಗಿರಿಜಾ. ನಾನು ಮರುದಿನವೇ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದೆ.

"ಟೆಂಪೋ ಯಾಕ್ರೀ?" ಎಂದಳು ಗಿರಿಜಾ.

"ಇದ್ದದ್ದನ್ನ ಅರ್ಧಾ ಅರ್ಧಾ ಮಾಡಿ ಒಯ್ಯೂದು."

"ಅರ್ಧಾ ಒಲಿ ಎಲ್ಲ್ಯರ ಉರಿತೈತೇನ್ರೀ? ಮೊದ್ಲ ಎಲ್ಲಾ ಇಲ್ಲೇ ಎರಡೆರಡು ಆಗ್ಲಿ. ಆಕಿ ಕೈ ಪಳಗ್ಲಿ. ಆಮ್ಯಾಲ ಹೋಗ್ತಾಳ."

ಟೆಂಪೋ ಖಾಲಿ ಹೋಯಿತು. ಒಲೆಯ ಪಕ್ಕ ಇನ್ನೊಂದು ಒಲೆ ಬಂತು, ಹಂಚಿನ ಪಕ್ಕ ಇನ್ನೊಂದು ಹಂಚು, ಹಿಟ್ಟು ನಾದುವ ಕೊಣಮಿಗೆಯ ಪಕ್ಕ ಇನ್ನೊಂದು ಕೊಣಮಿಗೆ. ಅಡುಗೆಮನೆ ಉಬ್ಬುತ್ತ ಹೋದಂತೆ ನನ್ನ ಗಲ್ಲಾ ಮೊದಲು ಪಡಸಾಲೆಗೆ, ಆಮೇಲೆ ಕಟ್ಟೆಗೆ, ಕೊನೆಗೆ ಗಟಾರದ ದಂಡೆಗೆ ಬಂತು. ಒಳಗೆ ಗಿರಿಜಾ ಒಂದು ರೊಟ್ಟಿ ಬಡಿದರೆ ನೀಲಾ ಒಂದು ಬಡಿಯುವಳು. ಗಿರಿಜಾ ಮುರಿದು, ಬಾಯಿಗಿಟ್ಟು, "ಹೊಳ್ಳಿ ಮಾಡು" ಎಂದು ಮತ್ತೆ ಮಾಡಿಸುವಳು. ದಿನವೂ ಇದೇ. ಸೊಳ್ಳೆ ಹೊಡೆಯುತ್ತ ಕೂತ ನನಗೆ, ಇವರು ಕಾಲಹರಣ ಮಾಡುತ್ತಿದ್ದಾರೆ ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ.

ಒಂದು ಅಮಾವಾಸ್ಯೆಗೆ ಗಿರಿಜಾ ಬಾಗಲಕೋಟೆಯ ತವರಿಗೆ ಹೋದಳು. ಬಾದಾಮಿ ಹತ್ತಿರದ ಮಹಾಕೂಟದ ಗುಡಿಗೆ ಭಕ್ತರು ಬಹಳ ಬರುವ ದಿನ. ನಾನು ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು, ಬ್ಯಾಡ ಎಂದ ನೀಲಾಳನ್ನೂ ಹೊರಡಿಸಿಕೊಂಡು ಅಲ್ಲಿ ಒಲೆ ಹೂಡಿದೆ. ಹಿಟ್ಟು ಇತ್ತು, ಹಂಚು ಇತ್ತು. ಹಿಟ್ಟು ನಾದಲು ಎಸರು ಕುದಿಸುವ ಪಾತ್ರೆಯೇ ಇರಲಿಲ್ಲ. ತಣ್ಣೀರಲ್ಲಿ ನಾದಿದ ರೊಟ್ಟಿ ಹಂಚಿನ ಮೇಲೆ ಚೂರುಚೂರಾಯಿತು. "ಇದೇನ್ರೀ, ರೊಟ್ಟಿನೋ ನುಚ್ಚೋ?" ಎಂದು ಒಬ್ಬರು ಕೇಳಿದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕರು. ನೀಲಾ ಗುಡಿಯ ಹೊಂಡದ ಕಡೆ ಮುಖ ಮಾಡಿ ಕೂತವಳು ಮನೆಗೆ ಬಂದ ಮೇಲೆ ಹೂಂ ಎನ್ನುವುದನ್ನೂ ಬಿಟ್ಟಳು. ನಕಲು ಮುಗಿಯುವ ಮೊದಲೇ ಕೋಶ ಒಡೆದರೆ ಏನಾಗುತ್ತದೆಂದು ನಾನೇ ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದವನು. ನಿಜಕ್ಕೂ ಹೆದರಿದೆ.

ತಿರುಗಿ ಬಂದ ಗಿರಿಜಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಒಲೆಗಿಂತ ಮೊದಲು ನೀಲಾಳ ಒಲೆ ಹಚ್ಚಿ, "ಎಸರಿಡವಾ" ಎಂದಳು ಅಷ್ಟೇ. ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು, ಮತ್ತೆ "ಹೊಳ್ಳಿ ಮಾಡು" ಶುರುವಾಯಿತು. ಒಂದು ದಿನ ಎಣ್ಣೆಗಾಯಿಗೆ ಗುರೆಳ್ಳು ಜಾಸ್ತಿ ಬಿದ್ದಿದೆ ಎಂದು ಗಿರಿಜಾ ತಿದ್ದಲು ಹೋದಾಗ ನೀಲಾಳ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಬಿತ್ತು: "ವೈನಿ, ನನ್ನದು ಹಿಂಗ ಇರ್ಲಿ." ಗಿರಿಜಾ ಇನ್ನೊಮ್ಮೆ ರುಚಿ ನೋಡಿ, "ಇರ್ಲಿ" ಎಂದಳು. ಕೋಶದಲ್ಲೂ ಅಪರೂಪಕ್ಕೆ ಇಂಥದೊಂದು ತಪ್ಪು ತಿದ್ದುಪಡಿಯಿಂದ ತಪ್ಪಿಸಿಕೊಂಡು ಒಳ್ಳೆಯದನ್ನೇ ಮಾಡುವುದುಂಟು. ಬುಟ್ಟಿಯಲ್ಲಿ ಯಾವ ರೊಟ್ಟಿ ಯಾರದೆಂದು ಗಿರಿಜಾಳಿಗೇ ತಿಳಿಯದ ದಿನ ಟೆಂಪೋ ಕರೆಯಲು ನನಗೆ ಅಪ್ಪಣೆಯಾಯಿತು.

ಡಿಎನ್‌ಎ ನಕಲಾಗುವಾಗ ಅದರ ಎರಡು ಎಳೆಗಳು ಬಿಡಿಸಿಕೊಂಡು, ಒಂದೊಂದು ಹಳೆಯ ಎಳೆಗೂ ಒಂದು ಹೊಸ ಎಳೆ ಜೊತೆಯಾಗುತ್ತದೆ. ಆದ್ದರಿಂದ ನೀಲಾಳ ಜೊತೆಗೂ ಹಳಬನೊಬ್ಬ ಇರಲೇಬೇಕು, ಆ ಹಳಬ ನಾನೇ ಎಂದು ವಾದಿಸಿದೆ. ಗಿರಿಜಾ "ಭಾಳ ಚಲೋ ಆತು, ಹೋಗ್ರಿ" ಎಂದು ಎಷ್ಟು ಬೇಗ ಒಪ್ಪಿದಳೆಂದರೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಬಾದಾಮಿಯಲ್ಲಿ ತೆರೆದ ದಿನವೇ ಗುಹೆ ಹತ್ತಿಳಿದು ಹಸಿದ ಒಂದು ಬಸ್ಸಿನ ಮಂದಿ ಒಳಗೆ ಬಂದರು. ನಾನು ಮಾಲಕನ ಗತ್ತಿನಲ್ಲಿ, "ಕುಂದರ್ರಿ, ಕುಂದರ್ರಿ, ರೊಟ್ಟಿ ಬಂದಾವಂತ ತಿಳ್ಕೋರಿ" ಎಂದು ಎಲ್ಲರ ಮುಂದೆ ತಾಟು ಹರಡಿದೆ. ಆಗ ಅಡುಗೆಮನೆಯಿಂದ ಒಂದು ದನಿ ಎದ್ದಿತು. ಎದುರಿನ ಅಂಗಡಿಯವನೂ ತಿರುಗಿ ನೋಡಿದ.

"ಅಣ್ಣಾ! ಯಾರನ್ನ ಕೇಳಿ ತಾಟ ಇಟ್ಟಿ? ಎಸರು ಇನ್ನಾ ಕುದ್ದಿಲ್ಲ. ಅವಸರ ಇದ್ದವ್ರು ಮುಂದ ಹೋಗ್ಲಿ, ಉಳಿದವ್ರಿಗೆ ನೀರು ಕೊಡು ನಡಿ!"

ಇದು ಗಿರಿಜಾಳ ನಕಲಾಗಿರಲಿಲ್ಲ. ಗಿರಿಜಾ ಆಗಿದ್ದರೆ ನನ್ನ ಮಾನ ಕಳೆಯಲು ಗಿರಾಕಿಗಳು ಹೋಗುವವರೆಗಾದರೂ ಕಾಯುತ್ತಿದ್ದಳು. ಯಾರೂ ಎದ್ದು ಹೋಗಲಿಲ್ಲ. ಅಷ್ಟು ಜನರೆದುರು ಬೈಸಿಕೊಂಡು ನಿಂತ ನನಗೆ ಸಂತೋಷದಿಂದ ಕಣ್ಣು ತುಂಬಿತು. ಮುಂದೆ ಕೂತಿದ್ದ ಹಿರಿಯರೊಬ್ಬರು ದನಿ ತಗ್ಗಿಸಿ, "ಅವ್ರು ಮಾಲಕರೇನ್ರೀ?" ಎಂದು ಕೇಳಿದರು.

"ಹೌದ್ರಿ."

"ಮತ್ತ ನೀವು?"

"ಕೆಲಸದಂವ್ರೀ," ಎಂದೆ ನೀರಿನ ತಂಬಿಗೆ ಎತ್ತಿಕೊಳ್ಳುತ್ತ. "ಇವತ್ತ ಸೇರೇನಿ. ಇಟ್ಕೋತಾರೋ ಇಲ್ಲೋ, ನೋಡ್ಬೇಕು."